ಡಾಂಬರು ಹೋಗಬೇಕು, ಬಣ್ಣ ಉಳಿಯಬೇಕು: ಯಾವ ದ್ರಾವಕ ಯಾವ ಬಣ್ಣಕ್ಕೆ?

ಮಳೆಗಾಲಕ್ಕೆ ಮುಂಚೆ ರಸ್ತೆ ಮುಗಿಸಬೇಕೆಂಬ ಅವಸರದಲ್ಲಿ ಮಾರ್ಚ್‌ನಿಂದ ಮೇ ತನಕ ನಮ್ಮ ಕಡೆ ಅಲ್ಲಲ್ಲಿ ಡಾಂಬರೀಕರಣ ನಡೆಯುತ್ತಲೇ ಇರುತ್ತದೆ. ಜಲ್ಲಿ ಮತ್ತು ಡಾಂಬರಿನ ಬಿಸಿ ಮಿಶ್ರಣವನ್ನು ಹಾಸುವ ಮೊದಲು ಹಳೆಯ ರಸ್ತೆಯ ಮೇಲೆ ತೆಳುವಾಗಿ ಒಂದು ಅಂಟು ಪದರವನ್ನು ಸಿಂಪಡಿಸುತ್ತಾರೆ. ಅದು ಬಲಿಯುವ ಮೊದಲೇ ವಾಹನಗಳು ಅದರ ಮೇಲೆ ಹಾದರೆ ಚಕ್ರಗಳು ಅದನ್ನು ಎತ್ತಿ ಬಾಗಿಲಿನ ಕೆಳಭಾಗಕ್ಕೂ ಹಿಂಬದಿಯ ಬಂಪರಿಗೂ ಎರಚುತ್ತವೆ. ಮನೆಗೆ ಬಂದು ನೋಡಿದರೆ ಬಿಳಿಯ ಕಾರಿನ ಮೈತುಂಬ ಸಾಸಿವೆ ಕಾಳಿನಷ್ಟು, ಕಡಲೆ ಕಾಳಿನಷ್ಟು ಕಪ್ಪು ಚುಕ್ಕೆಗಳು. ನೀರು ಹಾಕಿ ಉಜ್ಜಿದರೆ ಒಂದೂ ಕದಲುವುದಿಲ್ಲ.

ಪಕ್ಕದ ಮನೆಯವರು ಪೆಟ್ರೋಲ್ ಎನ್ನುತ್ತಾರೆ. ಗ್ಯಾರೇಜಿನ ಹುಡುಗ ಥಿನ್ನರ್ ಡಬ್ಬಿಯನ್ನೇ ಎತ್ತಿಕೊಂಡು ಬರುತ್ತಾನೆ. ಲಾರಿ ಓಡಿಸುವ ಭಾವ ಡೀಸೆಲ್ ಎನ್ನುತ್ತಾರೆ. ಅಜ್ಜಿ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಹೊರಗೆ ಬರುತ್ತಾರೆ. ಡಾಂಬರಿನ ಮಟ್ಟಿಗೆ ಈ ನಾಲ್ವರ ಮಾತೂ ನಿಜ. ನಾಲ್ಕರಲ್ಲಿ ಯಾವುದನ್ನು ಹಚ್ಚಿದರೂ ಡಾಂಬರು ಇಂದಲ್ಲ ನಾಳೆ ಬಿಡುತ್ತದೆ. ಅದರ ಅಡಿಯಲ್ಲಿರುವ ಬಣ್ಣದ ಗತಿ ಏನಾಗುತ್ತದೆ ಎಂಬಲ್ಲಿ ಮಾತ್ರ ಈ ನಾಲ್ಕಕ್ಕೂ ಅಜಗಜಾಂತರ.

ನಾನು ಇದನ್ನು ಕಲಿತದ್ದು ಅಪ್ಪನ ಹಳೆಯ ಚೇತಕ್ ಸ್ಕೂಟರಿನಿಂದ. ಊರಿನ ಒಂದು ಪೇಂಟಿಂಗ್ ಅಂಗಡಿಯಲ್ಲಿ ಅದಕ್ಕೆ ಹೊಸದಾಗಿ ತಿಳಿನೀಲಿ ಬಣ್ಣ ಹೊಡೆಸಿದ್ದೆವು. ಕೆಲವೇ ತಿಂಗಳಲ್ಲಿ ಮುಂದಿನ ಮಡ್‌ಗಾರ್ಡಿಗೆ ಡಾಂಬರು ಹಾರಿತು. ಬಟ್ಟೆಗೆ ಥಿನ್ನರ್ ಹಾಕಿ ಒರೆಸಿದೆ. ಮೊದಲ ಒರೆತಕ್ಕೆ ಕಪ್ಪು ಹೋಯಿತು, ಎರಡನೆಯ ಒರೆತಕ್ಕೆ ಬಟ್ಟೆಯೆಲ್ಲ ನೀಲಿಯಾಯಿತು, ಮೂರನೆಯದಕ್ಕೆ ಬೂದುಬಣ್ಣದ ಪ್ರೈಮರ್ ಕಂಡಿತು. ಅಪ್ಪ ಏನೂ ಅನ್ನಲಿಲ್ಲ. ಸ್ಕೂಟರ್ ಮಾರುವ ತನಕ ಆ ಬೂದು ಕಲೆ ಹಾಗೆಯೇ ಇತ್ತು, ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಆಮೇಲಿನ ವರ್ಷಗಳಲ್ಲಿ ಓದಿ, ಪೇಂಟರುಗಳನ್ನು ಕೇಳಿ, ಕೈಯಾರೆ ಮಾಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಡಾಂಬರಿನ ಸ್ವಭಾವ

ಈಗ ರಸ್ತೆಗೆ ಹಾಕುವುದು ಕಲ್ಲಿದ್ದಲಿನಿಂದ ತೆಗೆಯುತ್ತಿದ್ದ ಹಳೆಯ ಕಾಲದ ಟಾರ್ ಅಲ್ಲ, ಬಿಟುಮೆನ್. ಕಚ್ಚಾ ತೈಲವನ್ನು ಬಟ್ಟಿ ಇಳಿಸಿ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಎಲ್ಲವನ್ನೂ ತೆಗೆದ ಮೇಲೆ ತಳದಲ್ಲಿ ಉಳಿಯುವ ಗಟ್ಟಿ ಭಾಗ ಅದು. ಅಂದರೆ ಇವೆಲ್ಲ ಒಂದೇ ಬಸಿರಿನಿಂದ ಬಂದವು, ಒಂದರಲ್ಲಿ ಒಂದು ಸುಲಭವಾಗಿ ಬೆರೆಯುತ್ತವೆ. ರಸ್ತೆ ಎಂಜಿನಿಯರುಗಳು ಬಿಟುಮೆನ್ನನ್ನು ತೆಳುವಾಗಿಸಲು ಬೇಕೆಂದೇ ಸೀಮೆಎಣ್ಣೆ ಬೆರೆಸುವುದುಂಟು. ಅದಕ್ಕೆ ಕಟ್‌ಬ್ಯಾಕ್ ಬಿಟುಮೆನ್ ಎಂದು ಹೆಸರು. ಬೇಗ ಒಣಗಬೇಕಾದರೆ ಪೆಟ್ರೋಲಿನ ಜಾತಿಯ ನಾಫ್ತಾ, ನಿಧಾನವಾಗಿ ಒಣಗಬೇಕಾದರೆ ಡೀಸೆಲ್ ಜಾತಿಯ ಎಣ್ಣೆ ಬೆರೆಸುತ್ತಾರೆ. ರಸ್ತೆ ಕೆಲಸದಲ್ಲಿ ಬೇಕೆಂದು ಮಾಡುವ ಈ ಕರಗಿಸುವಿಕೆಯನ್ನೇ ನಾವು ಕಾರಿನ ಬಾಗಿಲ ಮೇಲೆ ಚಿಕ್ಕದಾಗಿ ಮಾಡಬೇಕಿದೆ.

ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೆ ಎಣ್ಣೆ ಸವರಿಕೊಳ್ಳುವವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮೇಣ ನೀರಿಗೆ ಬಗ್ಗುವುದಿಲ್ಲ, ಎಣ್ಣೆಗೆ ಬಗ್ಗುತ್ತದೆ. ಡಾಂಬರೂ ಅಷ್ಟೇ. ನೀರು, ಸೋಪಿನ ನೀರು, ವಿನೆಗರ್, ನಿಂಬೆರಸ, ಅಡುಗೆಸೋಡ ಇವು ಯಾವುವೂ ಅದನ್ನು ಕರಗಿಸಲಾರವು. ಸೋಪಿಗೆ ಕೆಲಸವಿರುವುದು ಕೊನೆಯಲ್ಲಿ, ಕರಗಿದ ಡಾಂಬರನ್ನೂ ಎಣ್ಣೆಯನ್ನೂ ತೊಳೆದು ಹಾಕುವುದಕ್ಕೆ.

ದ್ರಾವಕಗಳ ಬಲವನ್ನು ಅಳೆಯಲು ಬಣ್ಣದ ಉದ್ಯಮದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಅಳತೆಯಿದೆ: ಕೌರಿ-ಬ್ಯುಟನಾಲ್ ಮೌಲ್ಯ. ನ್ಯೂಜಿಲೆಂಡಿನ ಕೌರಿ ಮರದ ಅಂಟನ್ನು ಬ್ಯುಟನಾಲಿನಲ್ಲಿ ಕರಗಿಸಿ, ಅದು ಕಲಕಿ ಮಬ್ಬಾಗುವ ತನಕ ಎಷ್ಟು ದ್ರಾವಕವನ್ನು ತಡೆಯುತ್ತದೆ ಎಂದು ನೋಡುತ್ತಾರೆ. ಅಂಕಿ ಹೆಚ್ಚಾದಷ್ಟೂ ದ್ರಾವಕ ಬಲಶಾಲಿ. ಥಿನ್ನರಿನಲ್ಲಿರುವ ಟಾಲ್ಯೂಯಿನ್‌ಗೆ 105. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್‌ಗೆ 67. ಪೈನ್ ಮರದಿಂದ ಬರುವ ನಿಜವಾದ ಟರ್ಪೆಂಟೈನಿಗೆ 56. ಪೆಟ್ರೋಲಿಯಂನಿಂದ ಬರುವ ಮಿನರಲ್ ಸ್ಪಿರಿಟಿಗೆ 35ರ ಆಸುಪಾಸು. ನನ್ನ ಖಚಿತ ಅಭಿಪ್ರಾಯ ಇಷ್ಟು: ಬಣ್ಣದ ಮೇಲೆ ಡಾಂಬರು ಕಂಡರೆ ಈ ಪಟ್ಟಿಯನ್ನು ಕೆಳಗಿನಿಂದ ಓದಬೇಕು. ದುರ್ಬಲ ದ್ರಾವಕಕ್ಕೆ ಸಮಯ ಕೊಟ್ಟರೆ ಅದು ಡಾಂಬರನ್ನು ಬಿಡಿಸುತ್ತದೆ, ಬಣ್ಣವನ್ನು ಮುಟ್ಟುವುದಿಲ್ಲ. ಪ್ರಬಲ ದ್ರಾವಕ ನಮ್ಮ ಐದು ನಿಮಿಷ ಉಳಿಸಿ, ಬಣ್ಣಕ್ಕೆ ಆಗುವ ಹಾನಿಯನ್ನು ನಮ್ಮ ಲೆಕ್ಕಕ್ಕೆ ಬರೆಯುತ್ತದೆ.

ಮೊದಲು ಬಣ್ಣ ಯಾವುದೆಂದು ತಿಳಿಯಬೇಕು

ಕಾರ್ಖಾನೆಯಿಂದ ಬಂದ ಕಾರಿನ ಮೈಮೇಲೆ ಪ್ರೈಮರಿನಿಂದ ಹಿಡಿದು ಮೇಲಿನ ಪಾರದರ್ಶಕ ಪದರದ ತನಕ ಎಲ್ಲ ಸೇರಿದರೂ ಬಣ್ಣದ ದಪ್ಪ ಸುಮಾರು 100ರಿಂದ 150 ಮೈಕ್ರಾನ್, ಹೆಚ್ಚುಕಡಿಮೆ ಒಂದು ಬರೆಯುವ ಹಾಳೆಯಷ್ಟು. ಅದರಲ್ಲಿ ಹೊಳಪು ಕೊಡುವ ಕ್ಲಿಯರ್ ಕೋಟ್ ಸುಮಾರು 40 ಮೈಕ್ರಾನ್ ಮಾತ್ರ. ಇಷ್ಟು ತೆಳುವಾದರೂ ಅದು ಗಟ್ಟಿ. ಏಕೆಂದರೆ 140 ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ ಬೇಯಿಸಿದಾಗ ಅದರ ಅಣುಗಳು ಒಂದಕ್ಕೊಂದು ಬಲೆಯಂತೆ ಹೆಣೆದುಕೊಂಡಿರುತ್ತವೆ. ಬೆಂದ ಮೊಟ್ಟೆ ಮತ್ತೆ ಹಸಿಯಾಗುವುದಿಲ್ಲ, ಹಾಗೆಯೇ ಈ ಬಣ್ಣವೂ ಮತ್ತೆ ಕರಗುವುದಿಲ್ಲ.

ಗ್ಯಾರೇಜುಗಳಲ್ಲಿ ‘ಡ್ಯೂಕೋ’ ಎಂದು ಕರೆಯುವ ಎನ್‌ಸಿ ಬಣ್ಣ, ಅಂದರೆ ನೈಟ್ರೋಸೆಲ್ಯುಲೋಸ್ ಬಣ್ಣ, ಇದಕ್ಕೆ ವಿರುದ್ಧ. ಅದರ ಥಿನ್ನರ್ ಆರಿಹೋದಾಗ ಬಣ್ಣ ಗಟ್ಟಿಯಾಗುತ್ತದೆ, ಅಷ್ಟೇ. ಒಳಗೆ ಯಾವ ಹೆಣಿಗೆಯೂ ಇಲ್ಲ. ಗಟ್ಟಿಯಾದ ಬೆಲ್ಲದ ಪಾಕಕ್ಕೆ ನೀರು ಸೋಕಿದರೆ ಹೇಗೆ ಮತ್ತೆ ಕರಗುತ್ತದೆಯೋ ಹಾಗೆ, ಥಿನ್ನರ್ ಸೋಕಿದರೆ ಎನ್‌ಸಿ ಬಣ್ಣ ಎಷ್ಟು ವರ್ಷಗಳ ನಂತರವಾದರೂ ಕರಗುತ್ತದೆ. ಅಪ್ಪನ ಸ್ಕೂಟರಿನ ಮೇಲಿದ್ದದ್ದು ಇದೇ.

ಇವೆರಡರ ನಡುವೆ ಇನ್ನೆರಡಿವೆ. ಒಂದು, ಅಪಘಾತದ ನಂತರ ಬೂತಿನಲ್ಲಿ ಹೊಡೆಯುವ ‘ಟೂಕೆ’ ಪಾಲಿಯುರೆಥೇನ್ ಬಣ್ಣ. ಗಟ್ಟಿಕಾರಕ ಬೆರೆಸಿ ಹೊಡೆಯುವುದರಿಂದ ಇದೂ ಹೆಣೆದುಕೊಳ್ಳುತ್ತದೆ, ಆದರೆ ಪೂರ್ತಿ ಬಲಿಯಲು ವಾರಗಳು ಬೇಕು. ಮುಟ್ಟಿದರೆ ಒಣಗಿದೆ ಅನ್ನಿಸುವುದಕ್ಕೂ ಬಲಿತಿರುವುದಕ್ಕೂ ಬಹಳ ಅಂತರವಿದೆ. ಇನ್ನೊಂದು, ಗೇಟು, ಕಿಟಕಿ ಸರಳು, ಟ್ರ್ಯಾಕ್ಟರ್ ಟ್ರೈಲರ್, ಲಾರಿ ಬಾಡಿಗೆ ಬಳಿಯುವ ಸಿಂಥೆಟಿಕ್ ಎನಾಮೆಲ್. ಇದು ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಹಳೆಯದಾದಷ್ಟೂ ದ್ರಾವಕವನ್ನು ತಡೆಯುತ್ತದೆ, ಹೊಸದಾಗಿದ್ದಾಗ ಬಲು ಮೃದು.

ಯಾವ ಬಣ್ಣವೆಂದು ಗೊತ್ತಿಲ್ಲದಿದ್ದರೆ ಕಣ್ಣಿಗೆ ಬೀಳದ ಜಾಗದಲ್ಲಿ ಪರೀಕ್ಷಿಸಬಹುದು. ಪೆಟ್ರೋಲ್ ತುಂಬುವ ಮುಚ್ಚಳದ ಒಳಬದಿ ಅಥವಾ ಬಾಗಿಲು ತೆರೆದಾಗ ಕಾಣುವ ಅಂಚು ಒಳ್ಳೆಯದು. ಆದರೆ ಮರುಬಣ್ಣ ಬಳಿದ ಭಾಗವಾದರೆ ಅದೇ ಭಾಗದ ಮರೆಯ ಅಂಚನ್ನೇ ನೋಡಬೇಕು. ಬಂಪರಿನ ಬಣ್ಣಕ್ಕೂ ಬಾಗಿಲಿನ ಬಣ್ಣಕ್ಕೂ ಸಂಬಂಧವಿಲ್ಲದಿರಬಹುದು. ಹತ್ತಿಯ ತುದಿಗೆ ಒಂದೇ ಹನಿ ಎನ್‌ಸಿ ಥಿನ್ನರ್ ಹಾಕಿ ಎರಡು ಮೂರು ಸೆಕೆಂಡ್ ಮುಟ್ಟಿಸಿ ತೆಗೆಯಿರಿ. ಬಣ್ಣ ಹತ್ತಿಗೆ ಹತ್ತಿ ಜಾಗ ಜಿಗುಟಾದರೆ ಅದು ಎನ್‌ಸಿ ಅಥವಾ ಇನ್ನೂ ಬಲಿಯದ ಬಣ್ಣ. ಸುಕ್ಕುಗಟ್ಟಿ ಮೇಲೆದ್ದರೆ ಎನಾಮೆಲ್. ಏನೂ ಆಗದಿದ್ದರೆ ಬಲಿತ ಕಾರ್ಖಾನೆ ಬಣ್ಣ ಅಥವಾ ಟೂಕೆ. ಥಿನ್ನರಿಗೆ ಈ ಇಡೀ ಕೆಲಸದಲ್ಲಿ ನಾನು ಕೊಡುವ ಜಾಗ ಈ ಒಂದು ಹನಿಯಷ್ಟೇ.

ಮಿನರಲ್ ಟರ್ಪೆಂಟೈನ್: ನನ್ನ ಮೊದಲ ಆಯ್ಕೆ

ಪೇಂಟ್ ಅಂಗಡಿಯಲ್ಲಿ ‘ಟರ್ಪೆಂಟೈನ್’ ಎಂದು ಕೇಳಿದರೆ ನಮ್ಮಲ್ಲಿ ಸಾಮಾನ್ಯವಾಗಿ ಕೊಡುವುದು ಎಂಟಿಒ, ಅಂದರೆ ಮಿನರಲ್ ಟರ್ಪೆಂಟೈನ್ ಎಣ್ಣೆ. ಹೆಸರು ಒಂದೇ ಆದರೂ ಪೈನ್ ಮರದ ಟರ್ಪೆಂಟೈನಿಗೂ ಇದಕ್ಕೂ ಸಂಬಂಧವಿಲ್ಲ. ಇದು ಪೆಟ್ರೋಲಿಯಂ ಉತ್ಪನ್ನ, ಮೇಲಿನ ಪಟ್ಟಿಯ ಮಿನರಲ್ ಸ್ಪಿರಿಟಿನ ಜಾತಿಯದೇ, ಸುಮಾರು 145ರಿಂದ 205 ಡಿಗ್ರಿಯ ನಡುವೆ ಕುದಿಯುವ ಭಾಗ. ಪೆಟ್ರೋಲಿಗಿಂತ ನಿಧಾನವಾಗಿ, ಡೀಸೆಲ್‌ಗಿಂತ ಬೇಗ ಆರುತ್ತದೆ. ನಮ್ಮ ಕೆಲಸಕ್ಕೆ ಬೇಕಾದ ಹದ ಇದೇ. ಬಟ್ಟೆಯಲ್ಲಿ ಎರಡು ಮೂರು ನಿಮಿಷ ಒದ್ದೆಯಾಗಿ ನಿಲ್ಲುತ್ತದೆ, ಡಾಂಬರಿನೊಳಗೆ ಇಳಿಯುತ್ತದೆ, ಆಮೇಲೆ ಹೆಚ್ಚು ಜಿಡ್ಡು ಉಳಿಸದೆ ಹೋಗುತ್ತದೆ.

ಇದನ್ನು ಮೆಚ್ಚುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ಮೇಲೆ ಹೇಳಿದ ನಾಲ್ಕು ಬಗೆಯ ಬಣ್ಣಗಳೂ ಬಲಿತ ಮೇಲೆ ಇದರ ಸ್ವಲ್ಪ ಹೊತ್ತಿನ ಸ್ಪರ್ಶವನ್ನು ತಾಳಿಕೊಳ್ಳುತ್ತವೆ. ನೈಟ್ರೋಸೆಲ್ಯುಲೋಸ್ ಕೂಡ ಇದರಲ್ಲಿ ಕರಗುವುದಿಲ್ಲ. ಅದನ್ನು ಕರಗಿಸಲು ಅಸಿಟೋನ್, ಎಸ್ಟರ್‌ಗಳಂಥ ಬೇರೆಯೇ ಜಾತಿಯ ದ್ರಾವಕ ಬೇಕು. ಅಂದು ಒಂದು ಲೋಟ ಎಂಟಿಒ ಇದ್ದಿದ್ದರೆ ಅಪ್ಪನ ಸ್ಕೂಟರಿನ ನೀಲಿ ಉಳಿಯುತ್ತಿತ್ತು. ‘ಎನಾಮೆಲ್ ಬಣ್ಣಕ್ಕೆ ಟರ್ಪೆಂಟೈನನ್ನೇ ಬೆರೆಸುತ್ತಾರಲ್ಲ, ಹಾಗಾದರೆ ಅದು ಗೇಟಿನ ಬಣ್ಣ ತೆಗೆಯುವುದಿಲ್ಲವೇ?’ ಎಂದು ಕೇಳುವವರಿದ್ದಾರೆ. ಒಣಗದಿರುವಾಗ ಬೆರೆಯುತ್ತದೆ. ತಿಂಗಳು ಕಳೆದು ಗಾಳಿಯಲ್ಲಿ ಬಲಿತ ಮೇಲೆ ಅದು ಬೇರೆಯೇ ವಸ್ತು, ಮತ್ತೆ ಹಿಂದಿರುಗುವುದಿಲ್ಲ. ಕಳೆದ ವಾರ ಬಳಿದ ಗೇಟಿಗೆ ಮಾತ್ರ ಎಂಟಿಒ ಮುಟ್ಟಿಸಬೇಡಿ.

ಇದಕ್ಕೂ ದೋಷಗಳಿವೆ. ವಾಸನೆ ತಲೆನೋವು ತರುತ್ತದೆ, ಬೆಂಕಿ ಹತ್ತಿಕೊಳ್ಳುತ್ತದೆ, ಚರ್ಮದ ಎಣ್ಣೆಯಂಶ ತೆಗೆದು ಕೈ ಬಿರಿಯುವಂತೆ ಮಾಡುತ್ತದೆ. ಕೈಗವಸು, ತೆರೆದ ಜಾಗ ಎರಡೂ ಬೇಕು.

ಸೀಮೆಎಣ್ಣೆ ಇದರ ಹತ್ತಿರದ ಬಂಧು. ಕರಗಿಸುವ ಬಲ ಒಂದಿಷ್ಟು ಕಡಿಮೆ, ಆರುವುದು ಇನ್ನೂ ನಿಧಾನ, ಉಳಿಯುವ ಜಿಡ್ಡು ಹೆಚ್ಚು. ಬಣ್ಣದ ಮಟ್ಟಿಗೆ ಅಷ್ಟೇ ಸೌಮ್ಯ. ಮನೆಯಲ್ಲಿ ಇದ್ದರೆ ಧಾರಾಳವಾಗಿ ಬಳಸಬಹುದು, ಆದರೆ ಈಗ ಸಿಗುವುದೇ ಅಪರೂಪ. ಹಳೆಯ ರೇಷನ್ ಸೀಮೆಎಣ್ಣೆಗೆ ಕಲಬೆರಕೆ ತಡೆಯಲು ನೀಲಿ ಬಣ್ಣ ಬೆರೆಸಿರುತ್ತಿದ್ದರು. ಬಿಳಿಯ ಕಾರಿನ ಮೇಲೆ ಅದನ್ನು ಆರಲು ಬಿಡದೆ ಕೂಡಲೇ ಸೋಪಿನಿಂದ ತೊಳೆಯುವುದು ಒಳ್ಳೆಯದು. ಸೀಮೆಎಣ್ಣೆ ಕಿಡಿ ತಾಗಿದರೆ ಹತ್ತಿಕೊಳ್ಳಲು ಬೇಕಾದ ಕನಿಷ್ಠ ತಾಪವನ್ನು ಮಾನಕದಲ್ಲಿ 35 ಡಿಗ್ರಿ ಎಂದು ಇಟ್ಟಿದ್ದಾರೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ನೆರಳಿನಲ್ಲೇ 40 ದಾಟುತ್ತದೆ. ‘ಸೀಮೆಎಣ್ಣೆ ತಾನೇ, ಪೆಟ್ರೋಲಿನಷ್ಟು ಅಪಾಯವಿಲ್ಲ’ ಎಂಬ ಧೈರ್ಯ ಅಲ್ಲಿನ ಮಧ್ಯಾಹ್ನಗಳಿಗೆ ಸಲ್ಲದು.

ಡೀಸೆಲ್ ಕೂಡ ಡಾಂಬರನ್ನು ಬಿಡಿಸುತ್ತದೆ. ಆದರೆ ಅದರ ಭಾರದ ಭಾಗಗಳು ಆರುವುದೇ ಇಲ್ಲ. ಎಣ್ಣೆ ಪದರವಾಗಿ ಉಳಿದು ಧೂಳು ಹಿಡಿಯುತ್ತವೆ, ವಾಸನೆ ದಿನಗಟ್ಟಲೆ ಹೋಗುವುದಿಲ್ಲ. ಲಾರಿಯ ಚಾಸಿಗೆ ಸರಿ, ಕಾರಿನ ಬಾಗಿಲಿಗೆ ಬೇಡ.

ಅಂಗಡಿಯ ಟಾರ್ ರಿಮೂವರ್

ಕಾರಿನ ಬಿಡಿಭಾಗಗಳ ಅಂಗಡಿಯಲ್ಲಿ ಸ್ಪ್ರೇ ರೂಪದಲ್ಲಿ ಸಿಗುವ ಟಾರ್ ರಿಮೂವರ್‌ಗಳಲ್ಲಿ ಹೆಚ್ಚಿನವು ಇದೇ ಪೆಟ್ರೋಲಿಯಂ ದ್ರಾವಕಗಳು. ಜೊತೆಗೆ, ನೀರು ಹಾಕಿದಾಗ ಎಲ್ಲವೂ ಹಾಲಿನಂತಾಗಿ ತೊಳೆದುಹೋಗಲೆಂದು ಸೋಪಿನಂಥ ವಸ್ತುವನ್ನು ಸೇರಿಸಿರುತ್ತಾರೆ. ಆ ಅನುಕೂಲಕ್ಕೆ ಬೆಲೆ ಹೆಚ್ಚು. ಹೊಸ ಕಾರು, ನೂರಾರು ಚುಕ್ಕೆಗಳು, ಕೈಯಲ್ಲಿ ಸಮಯ ಕಡಿಮೆ ಎಂದಾದರೆ ಕೊಡುವ ಹಣ ದಂಡವಲ್ಲ. ಡಬ್ಬಿಯ ಹಿಂಬದಿಯನ್ನು ಓದದೆ ಮಾತ್ರ ಕೊಳ್ಳಬೇಡಿ. ಕ್ಲಿಯರ್ ಕೋಟಿಗೆ ಸುರಕ್ಷಿತ ಎಂದು ಬರೆದಿರಬೇಕು. ಕ್ಸೈಲೀನ್, ಟಾಲ್ಯೂಯಿನ್ ಎಂದು ಬರೆದಿದ್ದರೆ ಅದು ಡಬ್ಬಿಯೊಳಗಿನ ಥಿನ್ನರ್ ಎಂದೇ ತಿಳಿದು, ಮರುಬಣ್ಣ ಬಳಿದ ಭಾಗಗಳಿಂದ ದೂರವಿಡಿ.

ಕಿತ್ತಳೆ ಎಣ್ಣೆಯ ರಿಮೂವರ್‌ಗಳೂ ಬಂದಿವೆ. ಪರಿಮಳ ಚೆನ್ನಾಗಿದೆ, ಸಸ್ಯಮೂಲದ್ದು ಎಂಬ ಹೆಗ್ಗಳಿಕೆಯೂ ಇದೆ. ಹಾಗೆಂದು ಸೌಮ್ಯವೆಂದುಕೊಳ್ಳಬಾರದು. ಲಿಮೊನೀನಿನ ಬಲ ಎಂಟಿಒಗಿಂತ ಹೆಚ್ಚೆಂದು ಮೇಲಿನ ಅಂಕಿಯೇ ಹೇಳುತ್ತದೆ. ತೆರೆದಿಟ್ಟು ಹಳತಾದ ಲಿಮೊನೀನ್ ಕೆಲವರ ಚರ್ಮಕ್ಕೆ ಅಲರ್ಜಿಯನ್ನೂ ತರುತ್ತದೆ. ಊಟಿ, ಕೊಡಗಿಗೆ ಹೋದವರು ತರುವ ನೀಲಗಿರಿ ಎಣ್ಣೆಯ ಕಥೆಯೂ ಇದೇ. ಡಾಂಬರನ್ನು ಚೆನ್ನಾಗಿ ಬಿಡಿಸುತ್ತದೆ, ಕಾರ್ಖಾನೆ ಬಣ್ಣದ ಮೇಲಿನ ಒಂದೆರಡು ಚುಕ್ಕೆಗಳಿಗೆ ಸಾಕು. ಪ್ಲಾಸ್ಟಿಕ್ಕಿಗೂ ಸ್ಟಿಕರಿಗೂ ಸೋಕಿಸಬಾರದು.

ಡಬ್ಲ್ಯುಡಿ-40 ಎಂಬ ಸ್ಪ್ರೇ ಹಲವರ ಮನೆಯಲ್ಲಿರುತ್ತದೆ. 1953ರಲ್ಲಿ ಅಮೆರಿಕದಲ್ಲಿ ಲೋಹದಿಂದ ತೇವ ಹೊರದೂಡಿ ತುಕ್ಕು ತಡೆಯಲೆಂದು ಮಾಡಿದ ದ್ರವ ಅದು. ಅದರ ಹೆಚ್ಚಿನ ಪಾಲು ಮಿನರಲ್ ಸ್ಪಿರಿಟಿನ ಜಾತಿಯ ದ್ರಾವಕ, ಉಳಿದದ್ದರಲ್ಲಿ ಮುಖ್ಯವಾದದ್ದು ಎಣ್ಣೆ. ಹಾಗಾಗಿ ಡಾಂಬರಿಗೆ ಕೆಲಸ ಮಾಡುತ್ತದೆ, ಬಣ್ಣಕ್ಕೆ ಸೌಮ್ಯ. ತೆಳ್ಳಗಿನ ಸಂದಿಗಳಿಗೆ, ಬಾಗಿಲಿನ ಕೀಲುಗಳ ಬಳಿಗೆ ನಾನು ಇದನ್ನೇ ಬಳಸುತ್ತೇನೆ.

ಪೆಟ್ರೋಲ್ ಏಕೆ ಬೇಡ

ಪೆಟ್ರೋಲಿನ ಬಗ್ಗೆ ನನಗೆ ಕೋಪವೇ ಇದೆ, ಏಕೆಂದರೆ ಎಲ್ಲರ ಕೈಗೆ ಮೊದಲು ಸಿಗುವುದು ಅದೇ. ‘ಬೈಕಿನ ಟ್ಯಾಂಕಿನ ಮೇಲೆ ದಿನಾ ಪೆಟ್ರೋಲ್ ಚೆಲ್ಲುತ್ತದೆ, ಬಣ್ಣ ಹೋಗಿದೆಯೇ?’ ಎಂದು ಕೇಳುತ್ತಾರೆ. ಹೋಗಿಲ್ಲ ನಿಜ. ಅದು ಕಾರ್ಖಾನೆಯಲ್ಲಿ ಬಲಿತ ಬಣ್ಣ, ಚೆಲ್ಲಿದ ಪೆಟ್ರೋಲ್ ಕ್ಷಣದಲ್ಲಿ ಆರಿಹೋಗುತ್ತದೆ, ಯಾರೂ ಅದನ್ನು ಬಟ್ಟೆಯಲ್ಲಿ ನೆನೆಸಿ ಒತ್ತಿ ಉಜ್ಜುವುದಿಲ್ಲ. ಆ ಬೇಗ ಆರುವ ಗುಣವೇ ನಮ್ಮ ಕೆಲಸಕ್ಕೆ ಅಡ್ಡಿ. ಡಾಂಬರು ಮೆದುವಾಗುವಷ್ಟರಲ್ಲಿ ಬಟ್ಟೆ ಒಣಗಿರುತ್ತದೆ, ಮತ್ತೆ ಹಾಕುತ್ತೇವೆ, ಮತ್ತೆ ಉಜ್ಜುತ್ತೇವೆ. ಅರೆ ಕರಗಿದ ಡಾಂಬರಿನಲ್ಲಿ ಸಿಕ್ಕಿಕೊಂಡ ಮರಳು ಬಣ್ಣವನ್ನು ಗೀಚುತ್ತದೆ. ಜೊತೆಗೆ ಈಗಿನ ಪೆಟ್ರೋಲಿನಲ್ಲಿ 20% ತನಕ ಎಥನಾಲ್ ಇರುತ್ತದೆ. ಎಥನಾಲ್ ಡಾಂಬರಿಗೆ ಏನೂ ಮಾಡದು. ಎನ್‌ಸಿ ಬಣ್ಣವನ್ನೂ ಎಳೆಯ ಎನಾಮೆಲ್ಲನ್ನೂ ಮೆದುವಾಗಿಸಲು ಮಾತ್ರ ಸಹಾಯ ಮಾಡುತ್ತದೆ.

ಬಣ್ಣಕ್ಕಿಂತ ದೊಡ್ಡದು ಜೀವ. ಪೆಟ್ರೋಲ್ ಹತ್ತಿಕೊಳ್ಳಲು ಬೇಸಿಗೆ ಬೇಕಿಲ್ಲ, ಸೊನ್ನೆಗಿಂತ 40 ಡಿಗ್ರಿ ಕೆಳಗೂ ಅದರ ಆವಿ ಕಿಡಿಗೆ ಕಾಯುತ್ತಿರುತ್ತದೆ. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ಹೋಗುತ್ತದೆ. ಮನೆಯ ಮುಂದೆ ಮಗ್ಗಿನಲ್ಲಿ ಪೆಟ್ರೋಲ್ ಇಟ್ಟುಕೊಂಡು ಕೂತರೆ, ಒಳಗಿನ ದೇವರ ದೀಪವೋ ಗ್ಯಾಸ್ ಗೀಸರಿನ ಜ್ವಾಲೆಯೋ ಅದಕ್ಕೆ ಸಾಕು. ಪೆಟ್ರೋಲಿನಲ್ಲಿ ಸೇಕಡಾ 1ರ ತನಕ ಬೆಂಜೀನ್ ಇರಲು ಅನುಮತಿಯಿದೆ, ಬೆಂಜೀನ್ ಕ್ಯಾನ್ಸರ್ ತರುವ ವಸ್ತುವೆಂದು ಖಚಿತವಾಗಿದೆ. ಅದನ್ನು ಬರಿಗೈಯಲ್ಲಿ ಮುಟ್ಟುವುದು, ಹತ್ತಿರ ಕೂತು ಉಸಿರಾಡುವುದು ಒಂದು ಕಪ್ಪು ಚುಕ್ಕೆಗಾಗಿ ಮಾಡಬೇಕಾದ ಕೆಲಸವಲ್ಲ.

ಥಿನ್ನರ್, ಅಸಿಟೋನ್, ಉಗುರುಬಣ್ಣ ತೆಗೆಯುವ ದ್ರವ: ಇವು ಬಣ್ಣ ತೆಗೆಯಲೆಂದೇ ಇರುವವು. ಕಾರ್ಖಾನೆ ಬಣ್ಣ ಒಂದೆರಡು ಒರೆತವನ್ನು ತಡೆದರೂ ಕ್ಲಿಯರ್ ಕೋಟ್ ಉಬ್ಬಿ ಮಂಕಾಗಬಹುದು. ಉಳಿದ ಬಣ್ಣಗಳ ಬಗ್ಗೆ ಹೇಳುವುದೇ ಬೇಡ. ಸರ್ಜಿಕಲ್ ಸ್ಪಿರಿಟ್, ಸ್ಯಾನಿಟೈಸರ್, ಐಸೊಪ್ರೊಪೈಲ್ ಆಲ್ಕೋಹಾಲ್ ಡಾಂಬರನ್ನು ಕರಗಿಸುವುದೇ ಇಲ್ಲ.

ಅಜ್ಜಿಯ ಎಣ್ಣೆ

ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆಗಳನ್ನು ಮನೆಮದ್ದು ಎಂದು ತಳ್ಳಿಹಾಕುವವರು ತಾಳ್ಮೆಯಿಂದ ಒಮ್ಮೆ ಮಾಡಿ ನೋಡಲಿ. ಕರಗಿಸುವ ಬಲ ಕಡಿಮೆ, ಸಮಯ ಬಹಳ ಬೇಕು. ಆದರೆ ಬಣ್ಣಕ್ಕೆ, ಪ್ಲಾಸ್ಟಿಕ್ಕಿಗೆ, ಚರ್ಮಕ್ಕೆ, ಮಕ್ಕಳಿರುವ ಮನೆಗೆ ಇಷ್ಟು ನಿರಪಾಯದ ವಸ್ತು ಇನ್ನೊಂದಿಲ್ಲ. ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಚುಕ್ಕೆಯ ಮೇಲೆ ಅಂಟಿಸಿ, ಅರ್ಧ ಗಂಟೆಯೋ ಒಂದು ಗಂಟೆಯೋ ಬಿಟ್ಟು ಒರೆಸಿ. ಹೊಸ ಚುಕ್ಕೆಯಾದರೆ ಬರುತ್ತದೆ, ಹಳೆಯದಾದರೆ ಎರಡು ಮೂರು ಸಲ ಮಾಡಬೇಕು. ಕೊಬ್ಬರಿ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುವುದರಿಂದ ಮಲೆನಾಡಿನ ಚಳಿಗಾಲದ ಬೆಳಿಗ್ಗೆಗೆ ಕಡಲೆಕಾಯಿ ಎಣ್ಣೆಯೇ ಮೇಲು. ಹೊಸದಾಗಿ ಬಣ್ಣ ಹೊಡೆಸಿ ತಿಂಗಳಾಗದ ಬಂಪರಿಗೆ ನಾನು ಧೈರ್ಯವಾಗಿ ಹೇಳುವುದು ಈ ಎಣ್ಣೆಯೊಂದನ್ನೇ.

ರಸ್ತೆ ಕೆಲಸದವರು ಸಂಜೆ ಕೈಗೆ ಹತ್ತಿದ ಡಾಂಬರನ್ನು ಡೀಸೆಲ್‌ನಿಂದ ತೊಳೆದುಕೊಳ್ಳುವುದನ್ನು ನೋಡಿದ್ದೇನೆ. ದಿನವೂ ಹಾಗೆ ಮಾಡಿದರೆ ಚರ್ಮ ಒಡೆದು ಹುಣ್ಣಾಗುತ್ತದೆ. ಅವರಿಗೆ ಗುತ್ತಿಗೆದಾರರು ಒಂದು ಬಾಟಲಿ ಅಡುಗೆ ಎಣ್ಣೆ, ಒಂದು ಸೋಪು ಕೊಡಿಸಿದರೆ ಎಷ್ಟು ಖರ್ಚಾದೀತು?

ಬಣ್ಣದ ಪಕ್ಕದಲ್ಲಿರುವವು

ಡಾಂಬರು ಬಣ್ಣದ ಮೇಲಷ್ಟೇ ಬೀಳುವುದಿಲ್ಲ. ಹೆಡ್‌ಲೈಟಿನ ಗಾಜೆಂದು ನಾವು ಕರೆಯುವುದು ಈಗಿನ ಕಾರುಗಳಲ್ಲಿ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್. ಪೆಟ್ರೋಲ್, ಥಿನ್ನರ್ ಸೋಕಿದರೆ ಅದರಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ, ಅವು ಮತ್ತೆ ಸರಿಹೋಗುವುದಿಲ್ಲ. ಬಾಗಿಲಿನ ರಬ್ಬರ್ ಪಟ್ಟಿ ಪೆಟ್ರೋಲಿಯಂ ದ್ರಾವಕಗಳನ್ನು ಹೀರಿ ಉಬ್ಬುತ್ತದೆ. ಬೈಕಿನ ಸ್ಟಿಕರಿನ ಅಂಚುಗಳು ಏಳುತ್ತವೆ. ಬಣ್ಣ ಕಾಪಾಡುವ ಪಾರದರ್ಶಕ ಪಿಪಿಎಫ್ ಹಾಳೆ ಅಂಟಿಸಿದ ಕಾರಾದರೆ ಅದನ್ನು ಹಾಕಿಕೊಟ್ಟವರನ್ನು ಕೇಳದೆ ಏನನ್ನೂ ಹಚ್ಚಬೇಡಿ.

ಹೆಲ್ಮೆಟ್ಟಿನ ವಿಷಯದಲ್ಲಿ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ: ಪೆಟ್ರೋಲ್, ಥಿನ್ನರ್, ಟರ್ಪೆಂಟೈನ್ ಯಾವುದನ್ನೂ ಅದರ ಬಳಿ ತರಬೇಡಿ. ಹಲವು ಹೆಲ್ಮೆಟ್ಟುಗಳ ಹೊರಚಿಪ್ಪು ಎಬಿಎಸ್ ಅಥವಾ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್, ಒಳಗಿರುವುದು ಥರ್ಮಾಕೋಲಿನ ಜಾತಿಯ ವಸ್ತು. ಪೆಟ್ರೋಲ್ ಬಿದ್ದ ಥರ್ಮಾಕೋಲ್ ಹೇಗೆ ಕುಗ್ಗಿ ಕರಗುತ್ತದೆ ಎಂಬುದನ್ನು ನೀವು ನೋಡಿಯೇ ಇರುತ್ತೀರಿ. ಚಿಪ್ಪು ಹೊರಗೆ ಚೆನ್ನಾಗಿಯೇ ಕಾಣುತ್ತದೆ, ಬಿದ್ದ ದಿನ ಒಡೆಯುತ್ತದೆ. ಅಲ್ಲಿಗೆ ಅಡುಗೆ ಎಣ್ಣೆ, ಆಮೇಲೆ ಸೋಪಿನ ನೀರು, ಇಷ್ಟೇ.

ಬ್ರೇಕ್ ಡಿಸ್ಕ್ ಕೂಡ ಹಾಗೆಯೇ. ಚಕ್ರದ ಬಳಿಯ ಡಾಂಬರು ತೆಗೆಯುವಾಗ ಎಣ್ಣೆಯ ಯಾವ ಹನಿಯೂ ಡಿಸ್ಕಿಗೆ, ಪ್ಯಾಡಿಗೆ ಹಾರಬಾರದು. ಸ್ಪ್ರೇಯನ್ನು ನೇರವಾಗಿ ಹೊಡೆಯದೆ ಬಟ್ಟೆಗೆ ಹಾಕಿ ಒರೆಸಿ. ಡಿಸ್ಕಿಗೆ ಹಾರಿಬಿಟ್ಟರೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದಲೋ ಬ್ರೇಕ್ ಕ್ಲೀನರಿನಿಂದಲೋ ಚೆನ್ನಾಗಿ ಒರೆಸಿ, ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ಬ್ರೇಕ್ ಹಿಡಿಯುತ್ತದೆಯೇ ಎಂದು ನೋಡಿಯೇ ರಸ್ತೆಗೆ ಇಳಿಯಬೇಕು. ಪ್ಯಾಡ್ ಎಣ್ಣೆ ಕುಡಿದಿದ್ದರೆ ಬದಲಿಸುವುದೇ ದಾರಿ.

ಮಾಡುವ ಬಗೆ

ಮೊದಲು ವಾಹನವನ್ನು ನೀರು, ಶಾಂಪೂ ಹಾಕಿ ತೊಳೆದು ಧೂಳು ಮರಳು ತೆಗೆಯಿರಿ. ನೆರಳಿನಲ್ಲಿ ನಿಲ್ಲಿಸಿ. ಲೋಹ ಕೈಗೆ ತಣ್ಣಗಿರಬೇಕು, ಸೈಲೆನ್ಸರ್ ಪೂರ್ತಿ ಆರಿರಬೇಕು. ನಮ್ಮ ರಸ್ತೆಗಳಿಗೆ ಹೆಚ್ಚಾಗಿ ಬಳಸುವ ವಿಜಿ-30 ದರ್ಜೆಯ ಬಿಟುಮೆನ್ 47 ಡಿಗ್ರಿಯ ಆಸುಪಾಸಿನಿಂದ ಮೆದುವಾಗತೊಡಗುತ್ತದೆ. ಬಿಸಿಲಿನಲ್ಲಿ ನಿಂತ ಕಪ್ಪು ಕಾರಿನ ಬಾಗಿಲು ಅದಕ್ಕಿಂತ ಬಿಸಿಯಿರುತ್ತದೆ. ಆಗ ಒರೆಸಿದರೆ ಚುಕ್ಕೆ ಗೆರೆಯಾಗುತ್ತದೆ, ಗೆರೆ ಹರಡಿ ಕಂದು ಕಲೆಯಾಗುತ್ತದೆ.

ಮೈಕ್ರೋಫೈಬರ್ ಅಥವಾ ಹಳೆಯ ಬನಿಯನ್ ಬಟ್ಟೆಗೆ ಎಂಟಿಒ ಹಾಕಿ ಚುಕ್ಕೆಯ ಮೇಲೆ ಒತ್ತಿ ಹಿಡಿಯಿರಿ. ಉಜ್ಜಬೇಡಿ. ಒಂದೆರಡು ನಿಮಿಷ ಕಾದರೆ ಚುಕ್ಕೆಯ ಅಂಚು ಕಂದಾಗಿ ಹರಿಯಲು ತೊಡಗುತ್ತದೆ. ಆಗ ಹಗುರವಾಗಿ ಒಂದೇ ದಿಕ್ಕಿಗೆ ಒರೆಸಿ, ಬಟ್ಟೆಯನ್ನು ಮಡಿಚಿ ಸ್ವಚ್ಛವಾದ ಭಾಗ ತಿರುಗಿಸಿ, ಮತ್ತೆ ಒತ್ತಿ ಹಿಡಿಯಿರಿ. ಹತ್ತು ಚುಕ್ಕೆಗೆ ಒಂದು ಬಟ್ಟೆ ಎಂದು ಲೆಕ್ಕವಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಕೊಳೆಯಾದ ಬಟ್ಟೆಯೇ ಮುಂದಿನ ಗೀರಿಗೆ ಕಾರಣ. ಬ್ಲೇಡು, ಚಾಕು, ಸ್ಟೀಲ್ ಸ್ಕ್ರಬ್ಬರ್ ಹತ್ತಿರ ಬರಕೂಡದು. ಒಂದು ಬಾಗಿಲು ಮುಗಿಯುತ್ತಿದ್ದಂತೆ ಶಾಂಪೂ ನೀರಿನಿಂದ ತೊಳೆಯಿರಿ, ಎಲ್ಲ ಮುಗಿಯಲೆಂದು ಕಾಯಬೇಡಿ.

ತಿಂಗಳುಗಟ್ಟಲೆ ಬಿಟ್ಟ ಡಾಂಬರು ಹೋದ ಮೇಲೂ ಬಿಳಿ ಬಣ್ಣದ ಮೇಲೆ ತೆಳು ಹಳದಿ ನೆರಳು ಉಳಿಯುವುದುಂಟು. ಡಾಂಬರಿನ ಎಣ್ಣೆಯಂಶ ಕ್ಲಿಯರ್ ಕೋಟಿನೊಳಗೆ ಇಳಿದಿರುತ್ತದೆ. ಅಲ್ಲಿ ಇನ್ನೂ ಬಲವಾದ ದ್ರಾವಕಕ್ಕೆ ಕೈ ಹಾಕುವ ಆಸೆಯಾಗುತ್ತದೆ, ದಯವಿಟ್ಟು ತಡೆದುಕೊಳ್ಳಿ. ಎಂಟಿಒದ ಬಟ್ಟೆಯನ್ನು ಇನ್ನೊಮ್ಮೆ ಐದು ನಿಮಿಷ ಹಿಡಿದು ನೋಡಿ. ಉಳಿದರೆ ನಯವಾದ ಪಾಲಿಶ್ ಹಚ್ಚಿ ಕೈಯಿಂದಲೇ ಹಗುರವಾಗಿ ತಿಕ್ಕಿ.

ಬಳಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯದೆ ಹೊರಗೆ ಗಾಳಿಗೆ ಹರಡಿ ಒಣಗಿಸಿ, ಆಮೇಲೆ ಅಪಾಯಕಾರಿ ಕಸದ ಜೊತೆ ಬೇರೆಯಾಗಿ ಕೊಡಿ. ಉಳಿದ ದ್ರಾವಕವನ್ನು ಚರಂಡಿಗೂ ಗಿಡದ ಬುಡಕ್ಕೂ ಸುರಿಯಬೇಡಿ. ತಂಪು ಪಾನೀಯದ ಬಾಟಲಿಯಲ್ಲಿ ಅಂತೂ ಎಂದಿಗೂ ತುಂಬಿಡಬೇಡಿ. ಎಂಟಿಒ ನೋಡಲು ನೀರಿನಂತೆಯೇ ಇರುತ್ತದೆ, ಬಾಯಾರಿದ ಮಗುವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲು ಹೋಗಬಾರದು. ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿಯುವುದೇ ಹೆಚ್ಚು ಅಪಾಯ. ಬಾಟಲಿಯ ಸಮೇತ ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಿರಿ.

ಕೊನೆಗೊಂದು ಚಿಕ್ಕ ಕೆಲಸ ಉಳಿಯುತ್ತದೆ. ದ್ರಾವಕವು ಡಾಂಬರಿನ ಜೊತೆ ಬಣ್ಣದ ಮೇಲಿದ್ದ ವ್ಯಾಕ್ಸನ್ನೂ ತೆಗೆದಿರುತ್ತದೆ. ಬಲಿತ ಬಣ್ಣವಾದರೆ ಆ ಜಾಗಗಳಿಗೆ ಅಂದೇ ವ್ಯಾಕ್ಸ್ ಹಚ್ಚಿ. ಮುಂದಿನ ಸಲ ಹೊಸ ರಸ್ತೆಯ ಮೇಲೆ ಹೋಗಿ ಬಂದಾಗ ಚುಕ್ಕೆಗಳು ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ, ಅದೇ ಸಂಜೆ ಒರೆಸಿದರೆ ಎಣ್ಣೆಯೇ ಸಾಕಾಗಬಹುದು.